ಹುಳದ ಮನೆಯ ಚಿತ್ರ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಉದ್ದನಪಲ್ಲಿಯ ನಮ್ಮ ಕನ್ನಡ ಶಾಲೆಗೆ ಸ್ವೀಡನ್ ದೇಶದಿಂದ ಒಂದು ದಪ್ಪ ಲಕೋಟೆ ಬಂತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಟೀಚರು ಯಾವುದೋ ಪತ್ರಿಕೆಯಲ್ಲಿ ವಿಳಾಸ ನೋಡಿ ಅಲ್ಲಿನ ಒಂದು ಶಾಲೆಗೆ ಬರೆದಿದ್ದರಂತೆ. ಅಲ್ಲಿನ ಮಕ್ಕಳು ತಂತಮ್ಮ ಮನೆಯ ಚಿತ್ರ ಬರೆದು, ಜೊತೆಗೊಂದು ಕಾಗದ ಇಟ್ಟು ಕಳಿಸಿದ್ದರು. ನಾವೂ ಹಾಗೇ ಕಳಿಸಬೇಕಿತ್ತು.

"ಇದು ಪರೀಕ್ಷೆಗೆ ಬರ್ತದಾ ಟೀಚರ್?" ಅಂತ ಕೇಳಿದೆ.

"ಬರಲ್ಲ. ಅವರಿಗೆ ನಾವು ಗೊತ್ತಾಗಬೇಕು, ನಮಗೆ ಅವರು ಗೊತ್ತಾಗಬೇಕು. ಅಷ್ಟೇ."

ಪರೀಕ್ಷೆಗೆ ಬಾರದ್ದನ್ನು ಯಾಕೆ ಮಾಡಬೇಕು ಅನ್ನೋದೇ ಮೊದಲು ನನಗೆ ತಿಳಿಯಲಿಲ್ಲ. ನನ್ನ ಪಾಲಿಗೆ ಬಂದ ಚಿತ್ರದಲ್ಲಿ ಒಂದು ಕೋಣೆ, ಕಿಟಕಿ, ಮಂಚ. ಮಂಚದ ಮೇಲೆ ಒಬ್ಬಳೇ ಹುಡುಗಿ. ಟೀಚರು ಅವಳ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದರು: 'ಇದು ನನ್ನ ಸ್ವಂತ ಕೋಣೆ. ನಿನ್ನ ಕೋಣೆ ಹೇಗಿದೆ?'

ನಮಗಿದ್ದದ್ದು ಒಂದು ನಡುಮನೆ, ಅಡುಗೆ ಜಾಗ, ಮತ್ತೆ ಹುಳದ ಮನೆ. ಅಪ್ಪ, ಅಮ್ಮ ರೇಷ್ಮೆ ಸಾಕುತ್ತಿದ್ದರು. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದ್ದರಿಂದ ಅಮ್ಮ, ನಾನು ಅಲ್ಲೇ ಹುಳದ ಬಿದಿರು ತಟ್ಟೆಗಳ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದೆವು. ಹಾಗಾಗಿ ಅದನ್ನೇ ನನ್ನ ಕೋಣೆ ಎಂದುಕೊಂಡು ಬರೆದೆ. ತಟ್ಟೆ ತುಂಬ ಹುಳ, ಕೆಳಗೆ ಚಾಪೆ, ಚಾಪೆಯ ಮೇಲೆ ನಾನು. 'ನನ್ನ ಕೋಣೆಯಲ್ಲಿ ಸಾವಿರಾರು ಹುಳಗಳಿವೆ. ನಾನು ಅವುಗಳ ಜೊತೆ ಮಲಗುತ್ತೇನೆ' ಅಂತ ಕಾಗದ. ಟೀಚರು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದರು.

ಎರಡು ಮೂರು ತಿಂಗಳಾದ ಮೇಲೆ ಒಂದು ಪಾರ್ಸೆಲ್ಲು ಬಂತು. ಬೇರೆ ಯಾರಿಗೂ ಬಂದಿರಲಿಲ್ಲ, ನನಗೊಬ್ಬಳಿಗೇ. ಒಳಗೆ ಒಂದು ನೀಲಿ ಉಣ್ಣೆ ಸ್ವೆಟರು, ಕೈಗವಸು, ಘಮಘಮ ಅನ್ನುವ ಮೂರು ಸೋಪು. ಕಾಗದ ಓದುತ್ತಾ ಟೀಚರು ಮಧ್ಯದಲ್ಲಿ ನಿಲ್ಲಿಸಿಬಿಟ್ಟರು.

"ಏನಂತೆ ಟೀಚರ್?"

"ನಿನ್ನ ಚಿತ್ರ ನೋಡಿ ಆ ಹುಡುಗಿ ಅತ್ತಳಂತೆ. ಹುಳ ಬಿದ್ದಿರೋ ಮನೇಲಿ ನಿನ್ನ ಮಲಗಿಸ್ತಾರೆ ಅಂತ."

ಕ್ಲಾಸು ನಕ್ಕಿತು. ನನಗೆ ನಗಬೇಕೋ ನಾಚಬೇಕೋ ಗೊತ್ತಾಗಲಿಲ್ಲ. ನಾವು ಯಾರೂ ರೇಷ್ಮೆಹುಳ ಅನ್ನುತ್ತಿರಲಿಲ್ಲ, ಬರೀ ಹುಳ. ಟೀಚರು ಬರೆದದ್ದನ್ನು ಬರೆದ ಹಾಗೇ ಇಂಗ್ಲಿಷಿಗೆ ಮಾಡಿದ್ದರು. "ತಪ್ಪು ನನ್ನದೇ ಕಣಮ್ಮ," ಅಂದರು. ಆದರೆ ನನಗೆ ತಪ್ಪು ಎಲ್ಲಿದೆ ಅಂತಲೇ ಕಾಣಲಿಲ್ಲ. ಬರೆದದ್ದು ಸುಳ್ಳಾಗಿರಲಿಲ್ಲವಲ್ಲ.

ಪಾರ್ಸೆಲ್ಲು ತಗೊಂಡು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದಳು. "ಆ ವಾಸ್ನೆ ಹುಳಕ್ಕೆ ಆಗಾಕಿಲ್ಲ. ಆಚೇನೇ ಮಡಗು." ನಡೆದದ್ದೆಲ್ಲ ಹೇಳಿದೆ. ಅವಳು ಸೊಪ್ಪು ಹೆಚ್ಚುವುದನ್ನು ಬಿಟ್ಟು ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಆ ಹುಡುಗಿಯ ಚಿತ್ರ ತರಿಸಿ ನೋಡಿದಳು.

"ಈ ಮಗ ಒಬ್ಳೇ ಮಲಗ್ತಾಳಾ?"

"ಹ್ಞೂಂ, ಸ್ವಂತ ಕೋಣೆ."

"ಅಯ್ಯೋ ಪಾಪ. ಅವ್ರವ್ವ ಎಲ್ಲೋಗವ್ಳೆ?"

ಎಲ್ಲೂ ಹೋಗಿಲ್ಲ, ಬೇರೆ ಕೋಣೆಯಲ್ಲಿರುತ್ತಾಳೆ ಎಂದರೆ ಅಮ್ಮ ನಂಬಲಿಲ್ಲ. ಮಾರನೆ ದಿನ ಬಿಸಿಲಲ್ಲಿ ಒಣಗಿಸಿದ ನಾಲ್ಕು ರೇಷ್ಮೆಗೂಡು, ಯಾವಾಗಲೋ ಎತ್ತಿಟ್ಟಿದ್ದ ಒಂದು ಸಣ್ಣ ರೇಷ್ಮೆ ನೂಲಿನ ಉಂಡೆ ನನ್ನ ಕೈಗೆ ಕೊಟ್ಟಳು. "ಇದು ನಮ್ ಹುಳ ಮಾಡಿದ್ದು ಅಂತ ಬರಿ. ಒಬ್ಳೇ ಮಲಗ್ಬ್ಯಾಡ, ಯಾರ್ನಾದ್ರೂ ಜತೇಗ್ ಕರ್ಕೋ ಅಂತಾನೂ ಬರಿ."

ಅದನ್ನು ಟೀಚರಿಗೆ ಹೇಳಲು ನನಗೆ ಸಂಕೋಚವಾಯಿತು. ಆದರೂ ಹೇಳಿದೆ. ಅವರು ಅಮ್ಮ ಹೇಳಿದ್ದನ್ನೆಲ್ಲ ಬರೆದರು. ಈ ಸಲ ರೇಷ್ಮೆ ಅನ್ನುವ ಪದದ ಕೆಳಗೆ ಎರಡು ಗೆರೆ ಎಳೆದರು.

ಉತ್ತರ ಬರುವಷ್ಟರಲ್ಲಿ ವರ್ಷ ಮುಗಿಯುತ್ತಾ ಬಂದಿತ್ತು. ಹುಡುಗಿ ಕ್ಷಮೆ ಕೇಳಿದ್ದಳು. ಗೂಡನ್ನು ಇಡೀ ಶಾಲೆ ಕೈಯಿಂದ ಕೈಗೆ ದಾಟಿಸಿ ನೋಡಿತಂತೆ. ಒಂದು ವಾರದಿಂದ ತಮ್ಮನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಾಳಂತೆ, ಅವನು ನಿದ್ದೆಯಲ್ಲಿ ಒದೆಯುತ್ತಾನಂತೆ. ಹಾಗಾದರೆ ಏನು ಮಾಡಲಿ ಅಂತ ನನ್ನ ಅಮ್ಮನನ್ನೇ ಕೇಳಿದ್ದಳು.

ಅಷ್ಟರಲ್ಲಿ ಟೀಚರಿಗೆ ಕೃಷ್ಣಗಿರಿಗೆ ವರ್ಗವಾಯಿತು. ಹೋಗುವ ಮುಂಚೆ, ಈ ಕಾಗದಗಳಿಂದ ಏನು ಕಲಿತೆವೆಂದು ಎಲ್ಲರೂ ಒಂದು ಪುಟ ಬರೆಯಬೇಕು ಎಂದರು. ಅವರಿಗೆ ನಾವು ಗೊತ್ತಾದೆವೋ, ನಮಗೆ ಅವರು ಗೊತ್ತಾದರೋ? ನನ್ನ ಮೇಲೆ ಅವಳು ಮರುಕಪಟ್ಟಳು, ಅವಳ ಮೇಲೆ ಅಮ್ಮ ಮರುಕಪಟ್ಟಳು. ಇಬ್ಬರಲ್ಲಿ ಯಾರದ್ದು ಸರಿ ಎಂದು ಬರೆಯುವುದು? ಎರಡು ಸಾಲು ಬರೆದು ಹೊಡೆದುಹಾಕಿದೆ. ಬೆಲ್ಲು ಹೊಡೆಯುವ ತನಕ ಕಾದ ಟೀಚರು, ಗೀಟು ಹಾಕಿದ ಆ ಎರಡು ಸಾಲಿನ ಪುಟವನ್ನೇ ಮಡಿಸಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.