ಯಂತ್ರದ ಪಟದಲ್ಲಿ ಮಾವನ ಕಿವಿ

ನಮ್ಮ ಮಾವ ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಒತ್ತುವ ಪ್ರೆಸ್ಸಿನ ಮುಂದೆ ನಿಂತೇ ಮುದುಕರಾದವರು. ಸಂಜೆ ಬಂದರೆ ನೇರ ಬಾವಿಕಟ್ಟೆಗೆ. ಮೈಗೆ ಮೆತ್ತಿದ ಆವೆಮಣ್ಣು, ಯಂತ್ರದ ಎಣ್ಣೆ ಎಲ್ಲವನ್ನೂ ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯದೆ ಹೊಸ್ತಿಲು ದಾಟುತ್ತಿರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದರು. ಹಾಗಾಗಿ ಅವರು ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಪಟವೂ ಇರಲಿಲ್ಲ.

ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಪೂರ್ತಿ ಕತ್ತಲಾಗುವ ಮೊದಲು ಗಂಡನ ಮುಖ ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ. ಮುಂಬಯಿಯಲ್ಲಿ ಹೋಟೆಲಿನ ಕೆಲಸದ ನಡುವೆ ಚಿತ್ರ ಬರೆಯಲು ಕಲಿತು ಬಂದಿದ್ದ ನನ್ನ ಮೈದುನ, "ನಾನು ಬರೆದು ಕೊಡ್ತೇನೆ ಅಮ್ಮ" ಎಂದ. ದೇವರು ದೊಡ್ಡವನು ಎಂದುಕೊಂಡೆ.

ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ದಪ್ಪ ಬಟ್ಟೆಯ ಮೇಲೆ ಬರೆದ. ಆ ಬಣ್ಣದೆಣ್ಣೆಯ ನಾತ ದೇವರ ಕೋಣೆಗೂ ನುಗ್ಗಿತು. ಊದುಬತ್ತಿ ಹಚ್ಚಿದರೂ ಹೋಗಲಿಲ್ಲ.

ಪಟ ತೋರಿಸಿದ ದಿನ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎದೆಯ ಜಾಗದಲ್ಲಿ ಹಲ್ಲಿನ ಚಕ್ರ. ಕೈಗಳೆರಡೂ ಕಬ್ಬಿಣದ ಸಲಾಕೆ. ಕಣ್ಣಿದ್ದಲ್ಲಿ ಎರಡು ನಟ್ಟು. ಬಾಯಿಯಿಂದ ಹಂಚು ಹೊರಬರುತ್ತಿತ್ತು, ವಾಂತಿಯ ಹಾಗೆ.

"ಇದೆಂತದು ಮಾರಾಯ?"

"ಯುರೋಪಿನಲ್ಲಿ ಈಗ ಹೀಗೇ ಬರೆಯುವುದು ಅತ್ತಿಗೆ. ಈ ಕಾಲದ ಚಂದ ಇರುವುದೇ ಯಂತ್ರದಲ್ಲಿ. ನಾನು ಅಪ್ಪನ ಶಕ್ತಿಯನ್ನು ಬರೆದದ್ದು."

"ಶಕ್ತಿಯಂತೆ! ಸಂಜೆ ಸೊಂಟ ಹಿಡಿದುಕೊಂಡು ಬರ್ತಿದ್ದರು. ಬಿಸಿನೀರು ಕಾಯಿಸಿ ಕೊಟ್ಟವಳು ನಾನು."

ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋಗಿ ಮೇಲಿಂದ ಕೆಳಗೆ ನೋಡಿದರು. "ಮುಖ ಎಲ್ಲುಂಟು ಮಗ?"

ಅವನು ಆ ನಟ್ಟುಗಳ ಕಡೆ ಬೆರಳು ತೋರಿಸಿದ.

"ನಿನ್ನ ಅಪ್ಪ ಇದನ್ನೆಲ್ಲ ಬಾವಿಕಟ್ಟೆಯಲ್ಲೇ ತೊಳೆದು ಬರ್ತಿದ್ದರು. ನೀನು ಮನೆಯೊಳಗೆ ತಂದು ಇಟ್ಟೆಯಲ್ಲ."

ಅಷ್ಟರಲ್ಲಿ ಅವರ ಬೆರಳು ಒಂದು ಕಡೆ ನಿಂತಿತು. ಚಕ್ರಗಳ ನಡುವೆ ಒಂದು ಕಿವಿ, ಅದಕ್ಕೆ ಸಿಕ್ಕಿಸಿದ ಅರ್ಧ ಸೇದಿದ ಬೀಡಿ. ಅದೊಂದನ್ನು ಏಕೋ ಕಂಡ ಹಾಗೆಯೇ ಬರೆದಿದ್ದ.

"ಇದು ಅವರದ್ದೇ. ಇಷ್ಟು ಕತ್ತರಿಸಿ ಕೊಡು."

"ಚಿತ್ರ ಹಾಳಾಗ್ತದೆ ಅಮ್ಮ!"

"ಹಾಳಾಗಲಿಕ್ಕೆ ಎಂತ ಉಂಟು ಅದರಲ್ಲಿ?" ಎಂದು ನಾನೇ ಕತ್ತರಿ ತಂದೆ. ಅವನು ಅಡ್ಡ ನಿಂತ. ಅತ್ತೆ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ನನ್ನ ಕೈಯಿಂದ ಕತ್ತರಿ ಕಸಿದುಕೊಂಡು ತಾನೇ ಕತ್ತರಿಸಿ ಕೊಟ್ಟ. ಆ ದಿನ ಊಟಕ್ಕೆ ಬರಲಿಲ್ಲ.

ಉಳಿದದ್ದನ್ನು ಕೋಳಿಗೂಡಿಗೆ ಹೊದಿಸಿದೆ. ಎಣ್ಣೆ ಕುಡಿದ ಬಟ್ಟೆಯಾದ್ದರಿಂದ ಆ ಮಳೆಗಾಲ ಕೋಳಿಗಳಿಗೆ ಒಂದು ಹನಿ ತಾಗಲಿಲ್ಲ. ಅಷ್ಟಾದರೂ ಉಪಕಾರವಾಯಿತು. ಆದರೆ ಮೊಟ್ಟೆ ತೆಗೆಯಲು ಬಗ್ಗಿದಾಗಲೆಲ್ಲ ಆ ನಟ್ಟಿನ ಕಣ್ಣು ಕಂಡು ಅಸಹ್ಯದಿಂದ ಮುಖ ತಿರುಗಿಸುತ್ತಿದ್ದೆ.

ಕಿವಿಯನ್ನು ಅತ್ತೆ ದೀಪದ ಬಳಿ ಇಟ್ಟುಕೊಂಡರು. ದೀಪಾವಳಿಯ ಹೊತ್ತಿಗೆ ಅವರಿಗೆ ದೀಪವೂ ಕಾಣದಾಯಿತು. ಆದರೆ ಬಣ್ಣವನ್ನು ದಪ್ಪಕ್ಕೆ ಮೆತ್ತಿದ್ದನಲ್ಲ, ಪುಣ್ಯಾತ್ಮ! ಸಂಜೆ ಬಾವಿಯ ರಾಟೆ ಸದ್ದಾದರೆ ಅತ್ತೆ ಆ ತುಂಡಿನ ಮೇಲೆ ಬೆರಳಾಡಿಸಿ ಹುಡುಕುತ್ತಿದ್ದರು. ಬೀಡಿ ಬೆರಳಿಗೆ ಸಿಕ್ಕಿದ ಕೂಡಲೇ, "ಇನ್ನೂ ಬಿಸಾಡಲಿಲ್ಲವಾ ಇದನ್ನು?" ಎಂದು ಮಾವನನ್ನು ಬೈಯುತ್ತಿದ್ದರು.