ಹೊಳೆಗೆ ಹೆಸರು ಹೇಳುತ್ತಿದ್ದ ಊರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಮುಂಜಾನೆ ತೊಟ್ಟಿಲಿಗೆ ಹಾಕಿ ನೀಲಾ ಅಂತ ಹೆಸರಿಟ್ಟೆವು. ನಮ್ಮವ್ವ ನೀಲವ್ವನ ಹೆಸರು. ಎಷ್ಟು ವರ್ಷ ಹಾದಿ ಕಾಯಿಸಿದ ಕೂಸು! ಎರಡು ಸಲ ಬಸಿರು ನಿಂತು ಎರಡು ಸಲವೂ ಕೈ ಬಿಟ್ಟು ಹೋಗಿತ್ತು. ಈ ಸಲ ಸೊಸೆ ಗೀತಾ ಹಾಸಿಗೆ ಬಿಟ್ಟು ಏಳಬಾರದು ಅಂದರು ಡಾಕ್ಟರು. ಅದಕ್ಕೇ ನಾನು ಕುವೈತಿಗೆ ಬಂದದ್ದು, ಅಹ್ಮದಿ ಊರಿನಲ್ಲಿ ಮಗ ಮಂಜುನಿಗೆ ಎಣ್ಣೆ ಕಂಪನಿ ಕೊಟ್ಟ ಮನೆಗೆ. ಮೊಣಕಾಲು ಹಿಡಿದಿದೆ, ಕಣ್ಣು ಉರಿಯುತ್ತವೆ, ಕೂತಲ್ಲೇ ತೂಕಡಿಕೆ. ಇಷ್ಟು ದಣಿವು ನನಗೆ ಎಂದೂ ಆಗಿರಲಿಲ್ಲ. ಇಷ್ಟು ಸಂತೋಷವೂ ಆಗಿರಲಿಲ್ಲ. ನಾಲ್ಕನೇ ಇಯತ್ತೆ ಕಲಿತವಳು, ನನ್ನ ಅಕ್ಷರ ಸೊಟ್ಟ. ಇರಲಿ, ಬರೆಯದಿದ್ದರೆ ಎದೆ ಒಡೆದೀತು.

ಹೆಸರಿಟ್ಟದ್ದಾಯಿತು, ಖರೆ. ನಮ್ಮೂರ ರೀತಿಯಲ್ಲಿ ನೋಡಿದರೆ ಅರ್ಧ ಕೆಲಸ ಬಾಕಿಯಿತ್ತು. ಹೆಸರನ್ನು ನೀರಿಗೆ ಹೇಳಬೇಕು.

"ಮಂಜೂ, ಇಲ್ಲಿ ಹೊಳಿ ಎಲ್ಲೈತೋ?" ಅಂದೆ.

"ಈ ದೇಶದಾಗ ಹೊಳೀನ ಇಲ್ಲ ಯವ್ವಾ."

ಹೊಳೆಯೇ ಇಲ್ಲದ ದೇಶ! ಹೊಳೆಯಿಂದಲೇ ಹುಟ್ಟಿದ ಊರಿನವಳು ನಾನು, ಏನು ಹೇಳಲಿ?

ನಾನು ಸಣ್ಣವಳಿದ್ದಾಗಿನ ಮಾತು. ಹೊಳೆ ದಾಟಬೇಕೆಂದರೆ ಮಂದಿ ಬುತ್ತಿ ಕಟ್ಟಿಕೊಂಡು ಮನೆ ಬಿಡುತ್ತಿದ್ದ ಕಾಲ ಅದು. ಕೃಷ್ಣಾ ಹೊಳೆಯ ದಂಡೆಗೆ ಒಂದು ದೊಡ್ಡ ಹುಣಸೆಮರ. ಅದರ ಕೆಳಗೆ ಬೆರಳೆಣಿಕೆಯ ಅಂಬಿಗರ ಮನೆಗಳು, ಇಮಾಮಸಾಬ ಮಾಮಾನ ಚಹಾದಂಗಡಿ, ಚಕ್ಕಡಿ ಬಿಡುವ ಬಯಲು. ಇಷ್ಟೇ ನಮ್ಮೂರು ಹುಣಸಿದಂಡಿ. ಗುಡಿಯಿಲ್ಲ, ಸಾಲಿಯಿಲ್ಲ. ಹೊಳೆ ದಾಟುವ ಮಂದಿ ಇದ್ದರು, ಅದಕ್ಕೇ ಊರಿತ್ತು. ಆಚೆ ದಂಡೆಯಲ್ಲಿ ಸಂತೆಯಿದ್ದ ದಿನ ಮೆಣಸಿನಕಾಯಿ ಚೀಲ, ಕುರಿ, ಬಳೆಗಾರರು, ಹೊಸ ಮದುಮಕ್ಕಳು, ಎಲ್ಲರೂ ನಮ್ಮಪ್ಪ ಹನಮಪ್ಪನ ಹರಗೋಲಿಗೆ ಕಾಯುತ್ತ ಕೂಡುತ್ತಿದ್ದರು. ಇಮಾಮಸಾಬ ಮಾಮಾ ಭಜಿ ಕರಿಯುತ್ತಿದ್ದ. ಚುರುಮುರಿಯ ಮೇಲೆ ಒಡೆದ ಭಜಿ ಇಟ್ಟು, "ತಗೋ ಅಂಬಿಗರ ರಾಣಿ, ನಿಮ್ಮಪ್ಪ ಇನ್ನಷ್ಟ ಹೊತ್ತು ಆಚಿ ದಂಡಿಮ್ಯಾಲೇ ಇರಲಿ, ನನ್ನ ಯಾಪಾರ ನಡೀಲಿ" ಅಂತ ನಗುತ್ತಿದ್ದ.

ಬೇಸಿಗೆಯಲ್ಲಿ ಹರಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದರು. ಅದು ಒಣಗುವ ತನಕ ನಾವು ಹುಡುಗರು ಅದರೊಳಗೆ ನುಸುಳಿ ಅಡಗುತ್ತಿದ್ದೆವು. ಒಳಗೆ ಕತ್ತಲೆ, ಬಿದಿರ ಸಂದಿನಲ್ಲಿ ಬಿಸಿಲಿನ ಚುಕ್ಕಿ, ಮೂಗಿನ ತುಂಬ ಡಾಂಬರಿನ ವಾಸನೆ. ಇಲ್ಲಿ ಅಹ್ಮದಿಯಲ್ಲೂ ಗಾಳಿ ತಿರುಗಿದ ಮುಂಜಾನೆ ಕಿಟಕಿಯೊಳಗೆ ಅಂಥದೇ ವಾಸನೆ ಬರುತ್ತದೆ. "ಎಣ್ಣಿ ವಾಸನಿ ಯವ್ವಾ, ಕಿಟಕಿ ಹಾಕು" ಅನ್ನುತ್ತಾನೆ ಮಂಜು. ಹೂಂ ಅನ್ನುತ್ತೇನೆ, ಹಾಕುವುದಿಲ್ಲ.

ನಮ್ಮ ದಂಡೆಯಲ್ಲಿ ಒಂದು ಪದ್ಧತಿಯಿತ್ತು. ಮೊದಲ ಸಲ ಹೊಳೆ ದಾಟುವ ಕೂಸು ಬಂದರೆ ಅಪ್ಪ ಹರಗೋಲು ನೂಕುವ ಮೊದಲು ಕೇಳುತ್ತಿದ್ದ: "ಯಾರ ಕೂಸು? ಹೆಸರೇನು?" ತಾಯಿ ಹೇಳುತ್ತಿದ್ದಳು. ಅಪ್ಪ ಹೊಳೆಯ ಕಡೆ ತಿರುಗಿ ಆ ಹೆಸರನ್ನು ಎತ್ತರದ ದನಿಯಲ್ಲಿ ಕೂಗಿ, ಕತ್ತು ಬಗ್ಗಿಸಿ ಕೇಳಿಸಿಕೊಂಡು, "ಹೂಂ ಅಂತು ಹೊಳಿ" ಅಂದಮೇಲೇ ಹರಗೋಲು ದಂಡೆ ಬಿಡುವುದು. ತನಗೆ ಗೊತ್ತಿರುವ ಕೂಸನ್ನು ಹೊಳೆ ಮುಳುಗಿಸುವುದಿಲ್ಲ ಅನ್ನುವ ನಂಬಿಕೆ. ನನಗೆ ಮಾತ್ರ ಒಂದು ಸಲವೂ ಆ ಹೂಂ ಕೇಳಿಸಲಿಲ್ಲ.

"ನನಗ್ಯಾಕ ಕೇಳಸಂಗಿಲ್ಲಪ್ಪಾ?"

"ನಿನ್ನ ಬಾಯಿ ಒಂಚೂರು ಸುಮ್ಮನಿದ್ದರ ಕೇಳಸತೈತಿ."

ಒಂದು ವರ್ಷ ಹೊಳೆಗೆ ಪೂಲು, ಅಂದರೆ ಸೇತುವೆ, ಬಂತು. ಬಹಳ ದಿನದಿಂದ ಕಟ್ಟುತ್ತಿದ್ದರು, ಒಂದು ದಿನ ಅದರ ಮೇಲೆ ಚಕ್ಕಡಿ, ಮೋಟಾರು ಓಡಾಡಿದವು, ಅಷ್ಟೇ. ನಮ್ಮ ದಂಡೆಗೆ ಇಳಿಯುವ ಹಾದಿಯಲ್ಲಿ ಹುಲ್ಲು ಬೆಳೆಯಿತು. ಅವ್ವ ಅವಾಗ ಆಚೆ ದಂಡೆಯ ತವರಿಗೆ ಬಾಣಂತನಕ್ಕೆ ಹೋಗಿದ್ದಳು. ಗಂಡು ಹುಟ್ಟಿದೆ, ಶಿವಪ್ಪ ಅಂತ ಹೆಸರಿಟ್ಟಿದ್ದಾರೆ ಅಂತ ಸುದ್ದಿ ಬಂದಿತ್ತು. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪ ದಿನಾ ಮುಂಜಾನೆ ಹರಗೋಲನ್ನು ನೀರಿಗಿಳಿಸಿ, ಹುಟ್ಟು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಪೂಲಿನ ಮೇಲೆ ಹೋಗುವ ಚಕ್ಕಡಿಯವರು ಚಾಷ್ಟಿ ಮಾಡುತ್ತಿದ್ದರು:

"ಏ ಹನಮಪ್ಪಾ! ಹರಗೋಲ ಬೋರಲ ಹಾಕಿ ಕೋಳಿ ಮುಚ್ಚೋ!"

ಇಮಾಮಸಾಬ ಮಾಮಾನೂ ಬೋಗುಣಿ, ಕಡಾಯಿ ಕಟ್ಟಿಕೊಂಡು ಪೂಲಿನ ಬಾಯಿಗೆ ಹೋಗಲು ನಿಂತ. "ಮಂದಿ ಇದ್ದಲ್ಲಿ ಚಹಾ, ಹನಮಪ್ಪಾ. ನೀನೂ ಬಾ" ಅಂದ.

"ಹೊಳಿ ಬರತೈತೇನು ಅಲ್ಲಿಗೆ?" ಅಂದ ಅಪ್ಪ. ಇಬ್ಬರೂ ನಕ್ಕರು. ಆ ನಗು ಯಾಕೋ ಬೇಗ ಮುಗಿಯಿತು.

ಆಮೇಲೆ ಮಾವ ಬಸಪ್ಪ, ಅವ್ವನ ಅಣ್ಣ, ಹೇಳಿ ಕಳಿಸಿದ. ಅಮಾವಾಸ್ಯೆ ಮುಗಿದ ಮೇಲೆ ತಂಗಿಯನ್ನೂ ಕೂಸನ್ನೂ ಚಕ್ಕಡಿಯಲ್ಲಿ ಪೂಲಿನ ಮೇಲಿಂದ ಕರೆತರುತ್ತಾನಂತೆ. ಅಪ್ಪ ಕೇಳಿಸಿಕೊಂಡು ಹುಟ್ಟು ಒರೆಸತೊಡಗಿದ. ಸುತ್ತಿನ ಊರ ಕೂಸುಗಳೆಲ್ಲದರ ಹೆಸರು ಹೊಳೆಗೆ ಕೂಗಿ ಹೇಳಿದವನು ಅವನು. ಅವನ ಕೂಸಿನ ಹೆಸರು ಮಾತ್ರ ಹೊಳೆಗೆ ತಿಳಿಯದೆ ಹೋಗುವುದಿತ್ತು.

"ಹರಗೋಲದಾಗ ಬರ್ರಿ ಅಂತ ಹೇಳಿ ಕಳಸಪ್ಪಾ" ಅಂದೆ.

"ಹಸಿ ಬಾಣಂತಿ ಅದಾಳ. ಅಕಿಗೆ ಹ್ಯಾಂಗ ಹಗುರೋ ಹಂಗ ಬರಲಿ."

ಹಾಗೆ ಅಂದವನು ಅವರು ಬರುವ ದಿನ ಹರಗೋಲು ತೊಳೆದ, ಹೊಸ ಹುಲ್ಲು ಹಾಸಿ ಅದರ ಮೇಲೆ ಅವ್ವನ ಕೌದಿ ಹಾಸಿದ. ನಾನು ನೋಡಿದ್ದನ್ನು ಕಂಡು, "ಸುಮ್ನ ಬಿಸಲಿಗೆ ಹಾಕೇನಿ" ಅಂದ.

ಹೊತ್ತು ಏರಿದ ಮೇಲೆ ಆಚೆ ಕಡೆ ಪೂಲಿನ ಬಾಯಿಗೆ ಮಾವನ ಚಕ್ಕಡಿ ಕಂಡಿತು. ಅಪ್ಪ ಅದಕ್ಕೆ ಬೆನ್ನು ಮಾಡಿ ಕೂತು ಬಲೆ ಹೊಲಿಯತೊಡಗಿದ. ನಾನು ನೋಡುತ್ತಲೇ ಇದ್ದೆ. ಚಕ್ಕಡಿ ನಿಂತಿತು. ಒಬ್ಬ ಹೆಣ್ಣುಮಗಳು ಕೆಳಗಿಳಿದಳು. ಮಾವ ಕೈ ಬೀಸಿ ಬೀಸಿ ಏನೋ ಒದರಾಡುತ್ತಿದ್ದ. ಅವಳು ಜಾಲಿ ಕಂಟಿಗಳ ನಡುವೆ ಇಳಿದು ಕಾಣದಾದಳು. ಒಂದು ಗಳಿಗೆಯ ಮೇಲೆ ಆಚೆ ದಂಡೆಯಿಂದ ದನಿ ಬಂತು:

"ಏ ಅಂಬಿಗಾ! ಹರಗೋಲ ತಾರೋ!"

ಅಪ್ಪನನ್ನು 'ಏನ್ರಿ' ಅನ್ನುವುದರ ಹೊರತು ಬೇರೆ ಮಾತಿನಿಂದ ಕರೆದವಳಲ್ಲ ನಮ್ಮವ್ವ. ಅಪ್ಪ ಬಲೆ ಬಿಟ್ಟು ಎದ್ದ. ಅಷ್ಟು ದಿನದ ಮೇಲೆ ಅವನು ಹಲ್ಲು ಕಾಣುವಂತೆ ನಕ್ಕದ್ದು ಅವತ್ತೇ. ನಾನು ಜಿಗಿದು ಹತ್ತಿದೆ. ಆಚೆ ದಂಡೆ ಮುಟ್ಟಿದಾಗ ಮಾವ ಬೆವರುತ್ತ ನಿಂತಿದ್ದ.

"ಸರಕಾರ ಹೊಸಾ ಪೂಲ ಕಟ್ಟೇತಿ, ಈಕಿಗೆ ಬುಟ್ಟಿ ಬೇಕಂತ! ಹುಚ್ಚ ಹಿಡದೈತಿ ನಿನ್ನ ಹೇಣತಿಗೆ, ಭಾವಾ."

"ಅಂಬಿಗಗ ಕೊಡುವಾಗ ಗೊತ್ತಿರಲಿಲ್ಲೇನು ನಿನಗ?" ಅಂದಳು ಅವ್ವ. ಕೌದಿಯ ಮೇಲೆ ಕೂತಳು.

ಅಪ್ಪ ಹುಟ್ಟು ಹಿಡಿದು ನಿಂತ. "ಯಾರ ಕೂಸು?"

"ಅಂಬಿಗರ ಕೂಸು."

"ಹೆಸರೇನು?"

"ಶಿವಪ್ಪ."

ಅಪ್ಪ ಹೊಳೆಯ ಕಡೆ ತಿರುಗಿದ. ಕೆಮ್ಮಿ ಕೂಗಿದ. "ಶಿವಪ್ಪಾ..." ಹೆಸರು ನೀರಿನ ಮೇಲೆ ಹೋಯಿತು. ಕತ್ತು ಬಗ್ಗಿಸಿ ನಿಂತವನು ನಿಂತೇ ಇದ್ದ, ಹೂಂ ಅಂತು ಅನ್ನಲಿಲ್ಲ. ಅವನ ಭುಜ ಅಲುಗುತ್ತಿತ್ತು. ಅವ್ವ ಸೆರಗಿನಿಂದ ಕೂಸಿನ ಮುಖಕ್ಕೆ ನೆರಳು ಮಾಡಿ ಮೆಲ್ಲಗೆ ಹೇಳಿದಳು:

"ಹೂಂ ಅಂತ್ರಿ. ನಡೀರಿ, ಕೂಸಿಗೆ ಬಿಸಲು."

ಆ ಹರಗೋಲಿನಲ್ಲಿ ಹೊಳೆ ದಾಟಿದ ಕಡೆಯ ಮಂದಿ ನಾವೇ. ಮುಂದಿನ ಮಳೆಗಾಲದ ಹೊತ್ತಿಗೆ ಒಂದೊಂದೇ ಮನೆ ಖಾಲಿಯಾಯಿತು. ಕೆಲವರು ಗೋವೆಗೆ, ಕೆಲವರು ಸೊಲ್ಲಾಪುರದ ಗಿರಣಿಗೆ. ನಾವೂ ಸೊಲ್ಲಾಪುರಕ್ಕೆ ಹೋದೆವು. ಒಂದು ಸಲ ಮಂಜು ನನ್ನನ್ನು ಕಾರಿನಲ್ಲಿ ಆ ಪೂಲಿನ ಮೇಲೆ ಕರೆದೊಯ್ದ. "ಯಾವುದು ಯವ್ವಾ ನಿಮ್ಮೂರು?" ಅಂದ. ನಾನು ಕೈ ಎತ್ತಿ ತೋರಿಸುವುದರೊಳಗೆ ಹೊಳೆ ಹಿಂದೆ ಬಿದ್ದಿತ್ತು. ಹುಣಸೆಮರವಿಲ್ಲ, ಬರೀ ಜಾಲಿ. ಬಸ್ಸಿನ ಬೋರ್ಡಿನಲ್ಲಿ ಇಲ್ಲದ ಊರು ಅದು, ಯಾರನ್ನು ಕೇಳಲಿ? ಹಂಗಂತ ಪೂಲನ್ನು ಬೈಯಲಾರೆ. ಆಚೆ ದಂಡೆಯ ಮಾವನ ಮನೆಗೆ ಬಂದಿದ್ದಾಗ ಪೂಲು ಇತ್ತು ಅಂತಲೇ ನನ್ನ ಹೆರಿಗೆಗೆ ದವಾಖಾನೆ ಹೊತ್ತಿಗೆ ಸಿಕ್ಕಿತು, ಈ ಮಂಜು ಉಳಿದ. ಬೈಯಲಿಕ್ಕೆ ಯಾರೂ ಸಿಗದ ದುಃಖ ಬಹಳ ದಣಿಸುತ್ತದೆ.

ಇವತ್ತು ಬಿಸಿಲಿಳಿದ ಮೇಲೆ ಗೀತಾನೇ ಅಂದಳು, "ರೀ, ಸಮುದ್ರದ ಹತ್ರ ಹೋಗಿ ಬರೋಣ. ಅತ್ತೆ ಮನಸ್ಸು ಅಲ್ಲೇ ಇದೆ." ಅವಳು ಮೈಸೂರು ಕಡೆಯ ಹುಡುಗಿ, ಹೊಳೆಯ ರೀತಿ ಅವಳಿಗೇನು ಗೊತ್ತು? ಕಾರಿನಲ್ಲಿ ಮಂಜು ನಗೆಚಾಟಿಕೆ ಮಾಡಿದ:

"ನಮ್ಮ ಹೊಳಿ ಹೋಗಿ ಕೂಡೂದು ಆ ಕಡಿ ಸಮುದ್ರ ಯವ್ವಾ, ಇದಲ್ಲ."

"ನೀರು ನೀರಿಗೆ ಹೇಳತೈತಿ. ನೀ ಗಾಡಿ ಹೊಡಿ."

ದಂಡೆಯಲ್ಲಿ ಯಾರೋ ಚಾಪೆ ಹಾಸಿ ಚಹಾ ಕುಡಿಯುತ್ತಿದ್ದರು, ಹಿಂದೆ ರಸ್ತೆಯಲ್ಲಿ ಗಾಡಿಗಳ ಸದ್ದು. ನಾನು ನೀರಿನಲ್ಲಿ ಕಾಲಿಟ್ಟು ನಿಂತು ಕೇಳಿದೆ, "ಯಾರ ಕೂಸು?" ಗೀತಾ ಮಂಜುನ ಮುಖ ನೋಡಿದಳು. ಅವನ ನಗು ನಿಂತಿತ್ತು. "ಅಂಬಿಗರ ಕೂಸು" ಅಂದ. "ಹೆಸರೇನು?" ಅಂದೆ. "ನೀಲಾ" ಅಂದಳು ಗೀತಾ. ನಾನು ಕೂಗಿದೆ. ಚಹಾ ಕುಡಿಯುವವರೆಲ್ಲ ತಿರುಗಿ ನೋಡಿದರು. ನೋಡಲಿ.

ಮನೆಗೆ ಬಂದು ಎಲ್ಲರೂ ನೆಲದ ಮೇಲೆ ಉಣ್ಣಲು ಕೂತೆವು. ಮುಂಜಾನೆಯ ಗೋದಿ ಹುಗ್ಗಿ, ರೊಟ್ಟಿ, ಪುಂಡಿಪಲ್ಯ. ನನ್ನ ತೊಡೆಯ ಮೇಲೆ ನೀಲಾ. ತುಪ್ಪದ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ಸೊಲ್ಲಾಪುರದ ನನ್ನ ತಮ್ಮ ಶಿವಪ್ಪ. ಅವನೂ ತನ್ನ ಮನೆಯಲ್ಲಿ ತಾಟು ಮುಂದಿಟ್ಟುಕೊಂಡು ಕೂತಿದ್ದ. ಹುಣಸಿದಂಡಿಯ ಮಾತಾಡಲು ನನಗೆ ಉಳಿದವನು ಅವನೊಬ್ಬನೇ, ಅವನಿಗೋ ಅದರದೊಂದೂ ನೆನಪಿಲ್ಲ. ನಾನು ಹೇಳಿದ್ದಷ್ಟೇ ಅವನ ಊರು.

"ಅಕ್ಕಾ, ಹೆಸರ ಹೇಳಿದೇನು ನೀರಿಗೆ?"

"ಹೇಳಿದೆ."

"ಹೂಂ ಅಂತೇನು?"

ತುತ್ತನ್ನು ತಾಟಿಗೆ ಇಳಿಸಿದೆ. ಗಾಡಿಗಳ ಸದ್ದಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿತು ಅಂತ ಸುಳ್ಳು ಹೇಳಲಿಕ್ಕೂ ಬಾಯಿ ಬರಲಿಲ್ಲ.

ಗೀತಾ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಫೋನಿನ ಕಡೆ ಬಗ್ಗಿ, "ಹೂಂ ಅಂತು ಮಾವ, ನನಗೆ ಕೇಳಿಸ್ತು" ಅಂದಳು. "ಊಟ ಮಾಡಿ ಅತ್ತೆ, ಆರಿಹೋಗುತ್ತೆ."

ಉಂಡೆ.