ಖಾಲಿ ನಂಬರಿನ ಹಾಡು

ಕಾರಿನಲ್ಲಿ ಇಬ್ಬರೇ ಕೂತು ಎರಡೂವರೆ ಗಂಟೆ ಮಾತಿಲ್ಲದೆ ಹೋಗುವುದೆಂದರೆ ನನಗೆ ಭಯ. ಇದು ಗೊತ್ತಾದದ್ದೇ ಈಚೆಗೆ, ಹೆಂಡತಿ ಗಿರಿಜಾಳನ್ನು ಕೂಡ್ಲಿಗಿಯಿಂದ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಾಗ. ಅವಳ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು. ಡಾಕ್ಟರು ಸೂಜಿಯಿಂದ ಒಂದಿಷ್ಟು ತೆಗೆದು, ಮುಂದಿನ ಶುಕ್ರವಾರ ರಿಪೋರ್ಟಿಗೆ ಬನ್ನಿ ಎಂದರು. ವಾಪಸು ಬರುವಾಗ ಹರಪನಹಳ್ಳಿ ಬಂತು, ಕೊಟ್ಟೂರು ಬಂತು, ಮಾತು ಮಾತ್ರ ಬರಲಿಲ್ಲ. ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳನ್ನು ಮಾತಿನಿಂದಲೇ ಕೂರಿಸಿಕೊಂಡವನು ನಾನು.

ಶುಕ್ರವಾರ ಮತ್ತೆ ಅದೇ ದಾರಿ. ಹಾಡಾದರೂ ಇರಲಿ ಎಂದುಕೊಂಡೆ. ನನ್ನ ಕಾರು ಹಳೆಯದು, ಅದರ ರೇಡಿಯೋಗೆ ರೇಡಿಯೋ ಬಿಟ್ಟು ಬೇರೇನೂ ತಿಳಿಯದು. ಮೊಬೈಲಿನ ಹಾಡನ್ನು ಅದರೊಳಗೆ ತುಂಬುವುದು ಹೇಗೆಂದು ಕೇಳಲು ಮೊಬೈಲ್ ಸಾಮಾನು ಮಾರುವ ಚನ್ನಬಸಪ್ಪನ ಬಳಿ ಹೋದೆ. ಅವನು ಮೊದಲು ಒಂದು ವೈರು ತೋರಿಸಿದ, ಅದನ್ನು ಚುಚ್ಚಲು ನನ್ನ ರೇಡಿಯೋದಲ್ಲಿ ತೂತಿರಲಿಲ್ಲ. ಸೆಟ್ಟನ್ನೇ ಬದಲಿಸೋಣವೆಂದ. ಕಾರಿನ ಎದೆ ಬಿಚ್ಚುವ ಮಾತು ಆ ವಾರ ನನಗೆ ಹಿಡಿಸಲಿಲ್ಲ. ಕೊನೆಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಸಾಧನ ತೆಗೆದ. ಸಿಗರೇಟು ಹಚ್ಚುವ ತೂತಿಗೆ ಅದನ್ನು ಚುಚ್ಚಿ, ಯಾವ ಸ್ಟೇಷನ್ನೂ ಇಲ್ಲದ ಖಾಲಿ ನಂಬರಿಗೆ ರೇಡಿಯೋ ತಿರುಗಿಸಿದರೆ ಮೊಬೈಲಿನ ಹಾಡು ಅಲ್ಲಿ ಕೇಳುತ್ತದಂತೆ.

ಬಿಸಿಯಾಗಿ ಹೊತ್ತಿಕೊಂಡೀತೇ, ಬ್ಯಾಟರಿ ಹೀರೀತೇ, ಪಕ್ಕದ ಗಾಡಿಯವರಿಗೂ ಕೇಳೀತೇ ಎಂದೆಲ್ಲ ವಿಚಾರಿಸಿದೆ. ಅವನು ನನ್ನ ಮುಖವನ್ನೇ ನೋಡಿದ. "ಅಣ್ಣಾರ, ಇಷ್ಟು ಸಣ್ಣ ಸಾಮಾನಿಗೆ ಇಷ್ಟ್ಯಾಕ ಅಂಜ್ತೀರಿ?" ಎಂದ. ದೊಡ್ಡದಕ್ಕೆ ಅಂಜಿದವನಿಗೆ ಸಣ್ಣದನ್ನು ವಿಚಾರಿಸುವಷ್ಟೇ ಧೈರ್ಯವಿರುತ್ತದೆ. ಅದನ್ನು ಅವನಿಗೆ ಹೇಳದೆ ಸಾಧನ ಕೊಂಡು ಬಂದೆ.

ಇನ್ನು ಯಾವ ಹಾಡು? ದೇವರ ಹಾಡು ಹಾಕಿದರೆ ಕೆಟ್ಟದ್ದೇ ಆಗಿದೆ ಎಂದುಕೊಂಡಾಳು, ಸಿನಿಮಾ ಹಾಡು ಹಾಕಿದರೆ ಇವರಿಗೆ ಚಿಂತೆಯೇ ಇಲ್ಲ ಎಂದುಕೊಂಡಾಳು. ಕೊನೆಗೆ ಮಾತೇ ಇಲ್ಲದ ಶಹನಾಯಿ ವಾದನ ತುಂಬಿಸಿಕೊಂಡೆ.

ಶುಕ್ರವಾರ ಹರಪನಹಳ್ಳಿಯವರೆಗೆ ಶಹನಾಯಿ ಚೆನ್ನಾಗಿಯೇ ನುಡಿಯಿತು. ಖಾಲಿ ನಂಬರಿಗೆ ನಮ್ಮ ಕಡೆ ಬರವಿಲ್ಲ. ದಾವಣಗೆರೆ ಹತ್ತಿರವಾದಂತೆ ಯಾವುದೋ ಸ್ಟೇಷನ್ ಅದರ ಮೇಲೆ ಏರಿ ಬಂತು. ಒಬ್ಬ ಗಂಡಸು ಮದುವೆಯ ಬಂಗಾರದ ಬಗ್ಗೆ ಕೂಗತೊಡಗಿದ. ನಂಬರು ಬದಲಿಸಲು ಬಗ್ಗಿದೆ. ಕಾರು ಬಲಕ್ಕೆ ಸರಿಯಿತು, ಎದುರಿನಿಂದ ಟ್ರ್ಯಾಕ್ಟರೊಂದು ಹಾರ್ನ್ ಬಾರಿಸಿತು. ಸ್ಟೀರಿಂಗ್ ಎಡಕ್ಕೆಳೆದು ಹೇಗೋ ಪಾರಾದೆ. ಗಿರಿಜಾ ರೇಡಿಯೋ ಆರಿಸಿ, ಸಾಧನವನ್ನು ಕಿತ್ತು ಮಡಿಲಲ್ಲಿಟ್ಟುಕೊಂಡಳು.

"ಗಾಡಿ ಬಾಜೂಕ ನಿಲ್ಲಸ್ರಿ."

ಬೇವಿನ ಮರದ ಕೆಳಗೆ ನಿಲ್ಲಿಸಿದೆ.

"ವಾರದಿಂದ ನನಗ ಅಂಜಿಕಿ ಆಗೇತಿ. ಒಂದ್ಸಲನಾರ ಕೇಳಿದ್ರೇನು?" ಎಂದಳು.

"ನನಗೂ ಆಗೇತಿ. ಕೇಳಿದ್ರ ಅದು ಖರೇ ಆಗ್ತೈತಿ ಅನಿಸ್ತು."

ಅವಳು ಅತ್ತಳು. ನಾನೂ ಅತ್ತೆ. ಆಮೇಲೆ ಅವಳು ಗಂಟು ಮೊದಲು ಕೈಗೆ ಸಿಕ್ಕ ದಿನದಿಂದ ಎಲ್ಲವನ್ನೂ ಹೇಳಿದಳು. ನನಗೆ ತಿಳಿಸುವ ಮೊದಲು ಹದಿನೈದು ದಿನ ಒಬ್ಬಳೇ ಅದನ್ನು ಹೊತ್ತು ತಿರುಗಿದ್ದಳು. ಆ ದಿನಗಳಲ್ಲಿ ನಾನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗಿದ್ದು ನೆನಪಾಯಿತು. ಆಸ್ಪತ್ರೆ ತಲುಪಿದಾಗ ಭಯ ಕಡಿಮೆಯೇನೂ ಆಗಿರಲಿಲ್ಲ. ಆದರೆ ಈಗ ಅವಳ ಕೈ ನನ್ನ ಕೈಯಲ್ಲಿತ್ತು.

ಡಾಕ್ಟರು ರಿಪೋರ್ಟು ಓದಿ, ಬರೀ ಕೊಬ್ಬಿನ ಗಂಟು, ಆರು ತಿಂಗಳ ಮೇಲೆ ಮತ್ತೆ ತೋರಿಸಿ ಸಾಕು ಎಂದರು. ನಾನು ರಿಪೋರ್ಟನ್ನು ಎರಡು ಸಲ ಮಡಚಿ ಜೇಬಿಗಿಟ್ಟು ಅಲ್ಲೇ ಕೂತಿದ್ದೆ. ಗಿರಿಜಾಳೇ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಮರುದಿನ ಬೆಳಿಗ್ಗೆ, ಅನ್ನ ಮಾಡಲೂ ಬಾರದ ನನ್ನನ್ನು ಅವಳು ಅಡುಗೆಮನೆಗೆ ಕರೆದು, ಕುಕ್ಕರಿನ ಮುಂದೆ ನಿಲ್ಲಿಸಿ, ಇವತ್ತಿನಿಂದ ಕಲಿಯಿರಿ, ಅಕ್ಕಿಗೆ ನೀರು ಹಾಕಿರಿ ಎಂದಳು. ರಿಪೋರ್ಟು ಚೆನ್ನಾಗಿಯೇ ಬಂದಿದೆಯಲ್ಲ ಎಂದೆ.

"ಈ ಸಲ ಬಂದೈತಿ. ಹಾಕ್ರಿ," ಎಂದಳು.

ಹಾಕಿದೆ. ಅನ್ನ ಅಂಬಲಿಯಂತಾಯಿತು. ಇಬ್ಬರೂ ಬಡಿಸಿಕೊಂಡು ಕುಡಿದೆವು.